ಮೂರನೇ ಗೇರ್ ಹಾಕಿದಾಗ ಏನಾಯಿತು, ಅಲ್ಲಿಂದ ಬರೆಯಿರಿ

ಪ್ರಿಯ ಗೆಳೆಯರೇ,

ರಸ್ತೆಯಲ್ಲಿ ಓಡಿಸುವ ವೇಗದ ಕಾರಿಗೆ ಗೇರ್ ರೇಷಿಯೋ (ಗೇರ್‌ಬಾಕ್ಸಿನಿಂದ ಹೊರಬರುವ ಶಾಫ್ಟ್ ಒಂದು ಸುತ್ತು ತಿರುಗಲು ಎಂಜಿನ್ ಎಷ್ಟು ಸುತ್ತು ತಿರುಗಬೇಕು ಎಂಬ ಲೆಕ್ಕ) ಆರಿಸುವ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗ ಇರುವ ಹಾಗೆ ಅದನ್ನು ಪ್ರಕಟಿಸಲು ಆಗುವುದಿಲ್ಲ. ನಿಮ್ಮನ್ನು ಕಾಯಿಸುವುದು ಇಷ್ಟವಿಲ್ಲ, ಅದಕ್ಕೇ ಮೊದಲೇ ಹೇಳಿಬಿಟ್ಟೆ. ಆದರೆ ತಿದ್ದಿ ಕಳಿಸಿದರೆ ಖಂಡಿತ ಮತ್ತೆ ಓದುತ್ತೇನೆ. ಕಾರಣ, ಐದನೇ ಪುಟದ ಒಂದು ಸಾಲು. ಏರುದಾರಿಯಲ್ಲಿ ಎರಡರಿಂದ ಮೂರಕ್ಕೆ ಹಾಕಿದ ಕೂಡಲೇ ಎಂಜಿನ್ ‘ಉಸಿರು ಕಳಕೊಂಡಿತು’ ಅಂತ ಬರೆದಿದ್ದೀರಿ. ಓದಿದಾಗ ನನಗೂ ಆ ಸೀಟಿನಲ್ಲಿ ಕೂತ ಹಾಗಾಯಿತು. ಲೇಖನ ಅಲ್ಲಿಂದ ಶುರುವಾಗಬೇಕಿತ್ತು.

ನೀವು ಶುರು ಮಾಡಿದ್ದು ಗೇರ್‌ಬಾಕ್ಸಿನ ಇತಿಹಾಸದಿಂದ. ಆಮೇಲೆ ಮೂರು ಗೇರ್‌ಬಾಕ್ಸ್‌ಗಳ ಕೋಷ್ಟಕ. ಅಷ್ಟೂ ಅಂಕಿಗಳು ಸುಮ್ನೆ ಸಾಲಾಗಿ ನಿಂತಿವೆ, ಒಂದೂ ಮಾತಾಡುವುದಿಲ್ಲ. ಅದರಲ್ಲಿ ನಿಮ್ಮ ಕಾರಿನ ಸಾಲು ಒಂದೇ ಸಾಕಿತ್ತು: ಒಂದರಿಂದ ಐದನೇ ಗೇರ್‌ವರೆಗೆ 3.30, 1.95, 1.35, 1.00, 0.80, ಫೈನಲ್ ಡ್ರೈವ್ (ಗೇರ್‌ಬಾಕ್ಸಿಗೂ ಚಕ್ರಕ್ಕೂ ನಡುವಿನ ಕೊನೆಯ ರೇಷಿಯೋ) 4.1. ಎಂಜಿನ್ 7000 ಆರ್‌ಪಿಎಂವರೆಗೆ (ಅಂದರೆ ನಿಮಿಷಕ್ಕೆ 7000 ಸುತ್ತು) ಹೋಗುತ್ತದೆ, ನಿಜವಾದ ಎಳೆತ ಸಿಗುವುದು 5200ರ ಮೇಲೆ ಎಂದೂ ನೀವೇ ಹೇಳಿದ್ದೀರಿ. ಹಾಗಾದರೆ 1.35ನ್ನು 1.95ರಿಂದ ಭಾಗಿಸಿ, 7000ದಿಂದ ಗುಣಿಸಿ. ಸುಮಾರು 4850 ಬರುತ್ತದೆ. ಗೇರ್ ಬಿದ್ದ ಕ್ಷಣ ಆರ್‌ಪಿಎಂ ಮೀಟರಿನ ಮುಳ್ಳು ಅಲ್ಲಿಗೆ ಇಳಿಯುತ್ತದೆ, ಎಳೆತ ಇರುವ ಜಾಗಕ್ಕಿಂತ 350 ಕೆಳಗೆ. ಎಂಜಿನ್ ಉಸಿರು ಕಳಕೊಂಡಿದ್ದು ಇದಕ್ಕೇ ಅಲ್ವಾ? ಉತ್ತರ ನಿಮ್ಮ ಕೋಷ್ಟಕದಲ್ಲೇ ಇತ್ತು. ಐದನೇ ಪುಟದ ಆ ಸಾಲಿಗೂ ಎರಡನೇ ಪುಟದ ಈ ಅಂಕಿಗಳಿಗೂ ನೀವು ಗಂಟು ಹಾಕಲಿಲ್ಲ, ಅಷ್ಟೇ.

ಇನ್ನೊಂದು ಹೆಜ್ಜೆ ಮುಂದೆ ಹೋಗಿ. ಮೂರನೇ ಗೇರನ್ನು 1.45 ಮಾಡಿದರೆ ಮುಳ್ಳು 5200ರಲ್ಲಿ ನಿಲ್ಲುತ್ತದೆ. ಆದರೆ ನಾಲ್ಕಕ್ಕೆ ಹಾಕಿದಾಗ ಈಗ 4830ಕ್ಕೆ ಬೀಳುತ್ತದೆ. ನಾಲ್ಕನ್ನು 1.10 ಮಾಡಿದರೆ ಅದೂ ಸರಿಹೋಗುತ್ತದೆ, ಐದಕ್ಕೆ ಹೋಗುವಾಗ 5090ಕ್ಕೆ ಬೀಳುತ್ತದೆ. ತಗ್ಗು ಎಲ್ಲೂ ಹೋಗುವುದಿಲ್ಲ, ಜಾಗ ಬದಲಿಸುತ್ತದೆ. ಅದನ್ನು ಎಲ್ಲಿ ಇಡಬೇಕು ಎನ್ನುವುದೇ ರೇಷಿಯೋ ಆರಿಸುವ ಕೆಲಸ. ರೇಸ್ ಕಾರಿನಲ್ಲಿ ಮೇಲಿನ ಗೇರ್‌ಗಳು ಹತ್ತಿರ ಹತ್ತಿರ ಇರಬೇಕು ಎಂದು ನೀವು ಬರೆದದ್ದು ಸರಿ. ವೇಗ ಏರಿದಷ್ಟೂ ಗಾಳಿಯ ತಡೆ ವರ್ಗದ ಲೆಕ್ಕದಲ್ಲಿ (ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು) ಏರುತ್ತದೆ, ಅಲ್ಲಿ ಒಂದಿಷ್ಟು ಕುಸಿತವೂ ದುಬಾರಿ. ಆದರೆ ನಿಮ್ಮ 205/55 ಆರ್16 ಟೈರ್ ಲೆಕ್ಕ ಹಿಡಿದರೆ, 1.10ರ ನಾಲ್ಕನೇ ಗೇರ್‌ನಲ್ಲಿ 7000 ಅಂದರೆ ಗಂಟೆಗೆ 185 ಕಿ.ಮೀ. ಸಾರ್ವಜನಿಕ ರಸ್ತೆಯಲ್ಲಿ ಆ ವೇಗದಲ್ಲಿ ಗೇರ್ ಬದಲಿಸುವ ಪ್ರಶ್ನೆಯೇ ಬರಬಾರದು. ಹಾಗಾಗಿ ರಸ್ತೆ ಕಾರಿನಲ್ಲಿ ತಗ್ಗನ್ನು ಅಲ್ಲಿ, ನಾಲ್ಕಕ್ಕೂ ಐದಕ್ಕೂ ನಡುವೆ, ಧೈರ್ಯವಾಗಿ ಇಡಬಹುದು. ರೇಸಿನ ನಿಯಮವನ್ನು ಎತ್ತಿ ತಂದು ರಸ್ತೆಗೆ ಹಾಕಿದ್ದು ನಿಮ್ಮ ಲೇಖನದ ದೊಡ್ಡ ಕೊರತೆ.

ಈಗ ಒಂದು ಗಂಭೀರ ತಪ್ಪು. ಫೈನಲ್ ಡ್ರೈವ್ 4.7 ಹಾಕಿಸಿದರೆ ಈ ಕುಸಿತ ಕಡಿಮೆಯಾಗುತ್ತದೆ ಎಂದು ಓದುಗರಿಗೆ ಸಲಹೆ ಕೊಟ್ಟಿದ್ದೀರಿ. ಆಗುವುದಿಲ್ಲ. ಕುಸಿತವನ್ನು ತೀರ್ಮಾನಿಸುವುದು ಅಕ್ಕಪಕ್ಕದ ಎರಡು ಗೇರ್ ಮಾತ್ರ. 4.7 ಹಾಕಿದ ಮೇಲೂ ಮುಳ್ಳು 7000ದಿಂದ 4850ಕ್ಕೇ ಬೀಳುತ್ತದೆ, ಮೊದಲು 104 ಕಿ.ಮೀ.ನಲ್ಲಿ ಬೀಳುತ್ತಿದ್ದದ್ದು ಈಗ 91ರಲ್ಲಿ ಬೀಳುತ್ತದೆ. ಪ್ರತಿ ಗೇರ್‌ನಲ್ಲೂ ಚಕ್ರಕ್ಕೆ ಸುಮಾರು ಶೇ. 15ರಷ್ಟು ಜಾಸ್ತಿ ಟಾರ್ಕ್ (ತಿರುಗಿಸುವ ಬಲ) ಸಿಗುವುದು ನಿಜ. ಪಿಕಪ್ ಬಂದಂತೆ ಅನಿಸುವುದು ಅದಕ್ಕೇ, ಎಷ್ಟೋ ಜನ ಮೋಸಹೋಗುವುದೂ ಅಲ್ಲೇ. ಅದರ ಬೆಲೆಯನ್ನೂ ಹೇಳಬೇಕು: ಟಾಪ್ ಗೇರ್‌ನಲ್ಲಿ 100 ಕಿ.ಮೀ. ವೇಗಕ್ಕೆ 2750 ಆರ್‌ಪಿಎಂ ಇದ್ದದ್ದು 3150 ಆಗುತ್ತದೆ. ಮೂರು ಗಂಟೆಯ ಪ್ರಯಾಣದಲ್ಲಿ ಆ ಗುಂಯ್ ಸದ್ದು ಕಿವಿಯಲ್ಲೇ ಕೂತಿರುತ್ತದೆ. ನಿಮ್ಮನ್ನು ನಂಬಿ ಯಾರೋ ಗೇರ್‌ಬಾಕ್ಸ್ ಬಿಚ್ಚಿಸುತ್ತಾರೆ. ಅವರ ದುಡ್ಡಿನ ಮೇಲೆ ನಮಗೂ ಜವಾಬ್ದಾರಿ ಇದೆ.

ಮೊದಲನೇ ಗೇರ್ 2.50 ಇರಲಿ ಎಂದಿದ್ದೀರಿ. ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ. ನಾನು ಅಂಥ ಕಾರನ್ನು ಒಂದು ದಿನ ಓಡಿಸಿದ್ದೇನೆ. 3.30 ಇದ್ದಾಗ 1000 ಆರ್‌ಪಿಎಂಗೆ ಕಾರು ಸುಮಾರು 9 ಕಿ.ಮೀ. ವೇಗದಲ್ಲಿ ತೆವಳುತ್ತದೆ, 2.50ರಲ್ಲಿ ಹತ್ತಿರಹತ್ತಿರ 12. ಟ್ರಾಫಿಕ್‌ನಲ್ಲಿ ಮುಂದಿನ ಲಾರಿ ಹೋಗುತ್ತಿದ್ದದ್ದು ಐದಾರು ಕಿ.ಮೀ. ವೇಗದಲ್ಲಿ. ಇಪ್ಪತ್ತು ನಿಮಿಷ ಹಾಫ್ ಕ್ಲಚ್‌ನಲ್ಲೇ ಇದ್ದೆ. ಎಡ ತೊಡೆ ನಡುಗುತ್ತಿತ್ತು, ಕ್ಲಚ್ ಸುಟ್ಟ ವಾಸನೆ ಒಳಗೆಲ್ಲ ತುಂಬಿತ್ತು. ನಿಮ್ಮ ಲೇಖನದಲ್ಲಿ ಟ್ರಾಫಿಕ್ ಎಂಬ ಪದ ಒಂದು ಸಲವೂ ಬರುವುದಿಲ್ಲ. ರಸ್ತೆ ಕಾರು ಹೆಚ್ಚು ಹೊತ್ತು ಇರುವುದು ಅಲ್ಲೇ ತಾನೆ?

ಭಾಷೆಯ ಬಗ್ಗೆ ಎರಡು ಮಾತು. ‘ಪ್ರಸರಣ ಅನುಪಾತ’, ‘ಪರಿಭ್ರಮಣ ಸಂಖ್ಯೆ’ ಬೇಡ. ಗ್ಯಾರೇಜಿನಲ್ಲಿ ನೀವು ಹೀಗೆ ಮಾತಾಡುವುದಿಲ್ಲ. ಗೇರ್ ರೇಷಿಯೋ, ಆರ್‌ಪಿಎಂ ಅಂತಲೇ ಬರೆಯಿರಿ. ‘ಉದ್ದ ಗೇರ್’ ಎಂಬ ಮಾತು ಎರಡನೇ ಪುಟದಲ್ಲಿ ಒಂದು ಅರ್ಥ ಕೊಡುತ್ತದೆ, ಆರನೇ ಪುಟದಲ್ಲಿ ಅದರ ಉಲ್ಟಾ. ‘ಕ್ಲೋಸ್ ರೇಷಿಯೋ (ಹತ್ತಿರ ಹತ್ತಿರದ ಗೇರ್‌ಗಳು) ಹಾಕಿದರೆ ಪವರ್ ಹೆಚ್ಚುತ್ತದೆ’ ಎಂಬ ಸಾಲು ತೆಗೆದುಬಿಡಿ. ಪವರ್ ಹುಟ್ಟುವುದು ಎಂಜಿನ್ನಿನಲ್ಲಿ. ಪವರ್ ಇರುವ ಜಾಗದಲ್ಲಿ ಎಂಜಿನ್ನನ್ನು ಹಿಡಿದಿಡುವುದಷ್ಟೇ ಗೇರ್‌ಬಾಕ್ಸಿನ ಕೆಲಸ. ಟರ್ಬೊ ಬಗ್ಗೆ ಬರೆದ ನಾಲ್ಕು ಸಾಲೂ ಬೇಡ. ಕೆಳಗಿನಿಂದಲೇ ಅಗಲವಾಗಿ ಎಳೆಯುವ ಎಂಜಿನ್ನಿಗೆ ಈ ಲೆಕ್ಕವೇ ಬೇರೆ, ಅದು ಇನ್ನೊಂದು ಲೇಖನ.

ಒಂದು ವಿಷಯ ಸೇರಿಸಿ. ಎಷ್ಟೋ ಗೇರ್‌ಬಾಕ್ಸ್‌ಗಳಲ್ಲಿ ಮೊದಲನೇ ಗೇರ್‌ನ ಹಲ್ಲುಗಳನ್ನು ಶಾಫ್ಟ್ ಮೇಲೆಯೇ ಕೊರೆದಿರುತ್ತಾರೆ. ಅದನ್ನು ಬದಲಿಸಬೇಕಾದರೆ ಶಾಫ್ಟನ್ನೇ ಬದಲಿಸಬೇಕು. ಬಯಸಿದ ರೇಷಿಯೋ ಬಯಸಿದ ಹಾಗೆ ಸಿಗುವುದಿಲ್ಲ ಎಂದು ಓದುಗರಿಗೆ ಗೊತ್ತಾಗಲಿ.

ಕೊನೆಯಲ್ಲಿ ‘ಹೊಸ ಗೇರ್‌ಸೆಟ್ ಹಾಕಿಸಿದೆ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಯಾವ ರೇಷಿಯೋ ಹಾಕಿಸಿದಿರಿ? ಅದೇ ಏರುದಾರಿಗೆ ಮತ್ತೆ ಹೋದಿರಾ? ಮೂರಕ್ಕೆ ಹಾಕಿದಾಗ ಮುಳ್ಳು ಎಲ್ಲಿ ನಿಂತಿತು? ಅದನ್ನು ಬರೆದು ಕಳಿಸಿ, ಕಾಯುತ್ತಿರುತ್ತೇನೆ.

ವಿಶ್ವಾಸದಿಂದ,
ಸಂಪಾದಕ