ಗಾಯ ಉಲ್ಬಣಿಸಿದಾಗ ಮೇಲ್ಮನವಿಯೋ, ಮರುಪರಿಶೀಲನೆಯೋ?

ಸಹೋದರರೇ, ಹುಬ್ಬಳ್ಳಿ ಬಳಿಯ ತಾರಿಹಾಳದ ಕಾರ್ಖಾನೆಯಲ್ಲಿ ಪ್ರೆಸ್ ಯಂತ್ರಕ್ಕೆ ಸಿಕ್ಕ ನಿಮ್ಮ ಬಲಗೈಗೆ ಇ.ಎಸ್.ಐ. (ನೌಕರರ ರಾಜ್ಯ ವಿಮೆ) ವೈದ್ಯಕೀಯ ಮಂಡಳಿಯು ಮೂರು ವರ್ಷಗಳ ಹಿಂದೆ ಶೇ. 12ರಷ್ಟು ಗಳಿಕೆ ಸಾಮರ್ಥ್ಯದ ನಷ್ಟವೆಂದು ನಿರ್ಧರಿಸಿದ್ದು, ಈಗ ಬೆರಳುಗಳೇ ಮಡಚುತ್ತಿಲ್ಲವಾದ್ದರಿಂದ ಮೇಲ್ಮನವಿ ಸಲ್ಲಿಸಬಹುದೇ ಎಂದು ಕೇಳಿದ್ದೀರಿ.

ನನ್ನ ತಿಳಿವಳಿಕೆಯಂತೆ ನಿಮಗೆ ಬೇಕಾಗಿರುವುದು ಮರುಪರಿಶೀಲನೆ. ಅಂದಿನ ನಿರ್ಧಾರವೇ ತಪ್ಪಾಗಿತ್ತು ಎನ್ನುವವರಿಗೆ ಮೇಲ್ಮನವಿ. ಆಮೇಲೆ ಗಾಯ ಗಣನೀಯವಾಗಿ, ಅನಿರೀಕ್ಷಿತವಾಗಿ ಉಲ್ಬಣಿಸಿದವರಿಗೆ 1948ರ ಇ.ಎಸ್.ಐ. ಕಾಯ್ದೆಯ 55ನೇ ಕಲಮು ಮರುಪರಿಶೀಲನೆಯ ದಾರಿಯನ್ನು ಇಟ್ಟಿತ್ತು; 2025ರ ನವೆಂಬರ್‌ನಲ್ಲಿ ಆ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಮೊದಲು ಆದೇಶವನ್ನು ತೆಗೆದು ನೋಡಿರಿ: 1948ರ ಕಾಯ್ದೆಯಡಿ ಅದು ತಾತ್ಕಾಲಿಕವಾಗಿದ್ದರೆ ಆರು ತಿಂಗಳು ಕಳೆದಿದ್ದರೆ ಸಾಕಿತ್ತು, ಅಂತಿಮವಾಗಿದ್ದರೆ, ಐದು ವರ್ಷ ತುಂಬುವ ಮೊದಲು ಅರ್ಜಿ ಹಾಕಲು ವೈದ್ಯಕೀಯ ಮೇಲ್ಮನವಿ ನ್ಯಾಯಮಂಡಳಿಯ ಅನುಮತಿ ಬೇಕಾಗುತ್ತಿತ್ತು.

ಉಲ್ಬಣವು ಅದೇ ಗಾಯದಿಂದ ಆದದ್ದೆಂದು ತೋರಿಸುವುದೇ ಇದರಲ್ಲಿ ಕಠಿಣವಾದ ಕೆಲಸ. ಆದ್ದರಿಂದ ಹುಬ್ಬಳ್ಳಿಯ ಕೆ.ಎಂ.ಸಿ.ಆರ್.ಐ.ನಂಥ (ಹಿಂದಿನ ಕಿಮ್ಸ್) ಸರ್ಕಾರಿ ಆಸ್ಪತ್ರೆಯ ಮೂಳೆ ತಜ್ಞರಿಂದ, ಹಳೆಯ ಎಕ್ಸ್‌ರೇಯನ್ನು ಹೊಸದರೊಂದಿಗೆ ಹೋಲಿಸಿ, ಯಾವ ಬೆರಳು ಎಷ್ಟು ಮಡಚುತ್ತದೆ ಎಂಬುದನ್ನು ಅಳತೆಯೊಂದಿಗೆ ಬರೆಸಿಕೊಳ್ಳಿರಿ. "ಕೈನೋವು ಇದೆ" ಎಂಬ ಒಂದು ಸಾಲಿನ ಚೀಟಿ ಸಾಲದು.

ದಯವಿಟ್ಟು ತಡಮಾಡಬೇಡಿರಿ. 1948ರ ಕಾಯ್ದೆಯಡಿ ಮರುನಿರ್ಧಾರದಲ್ಲಿ ಅರ್ಜಿಯ ದಿನಾಂಕಕ್ಕಿಂತ ಹಿಂದಿನ ಅವಧಿಯನ್ನು ಸೇರಿಸುತ್ತಿರಲಿಲ್ಲ. ನನ್ನ ಅಣ್ಣ ಕಾಗದಪತ್ರಗಳೆಲ್ಲ ಕೂಡಲಿ ಎಂದು ಎಂಟು ತಿಂಗಳು ಕಾದು, ಅಷ್ಟು ತಿಂಗಳ ಪರಿಹಾರದ ಹೆಚ್ಚಳವನ್ನು ಕಳೆದುಕೊಂಡರು. ಅರ್ಜಿಯ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡೇ ಕಚೇರಿಯಿಂದ ಹೊರಬನ್ನಿರಿ.