5ಕ್ಕೆ 13 ಕೂಡಿದರೆ 18 ಏಕಾಗಲಿಲ್ಲ?

ಪ್ರಶ್ನೆ: ಸರ್, ನಾನು ಪ್ರಥಮ ಪಿಯು ಸೈನ್ಸ್ ವಿದ್ಯಾರ್ಥಿನಿ. ಎಸ್ಸೆಸ್ಸೆಲ್ಸಿವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಫಿಸಿಕ್ಸ್ ಟೆಸ್ಟಿನಲ್ಲಿ (3, 4) ಮತ್ತು (5, 12) ಎಂಬ ಎರಡು ವೆಕ್ಟರ್ (ಉದ್ದದ ಜೊತೆ ದಿಕ್ಕೂ ಇರುವ ರಾಶಿ) ಕೊಟ್ಟು, ಅವುಗಳ ಮೊತ್ತದ ಉದ್ದ ಕೇಳಿದ್ದರು. ಒಂದರ ಉದ್ದ 5, ಇನ್ನೊಂದರದು 13. ಹಾಗಾಗಿ 18 ಎಂದು ಬರೆದೆ. ಸರಿ ಉತ್ತರ 17.9 ಅಂತೆ. ಇಷ್ಟು ಹತ್ತಿರವಿದ್ದರೂ ಸೊನ್ನೆ ಕೊಟ್ಟರು. ಇನ್ನೊಂದು ಸಂಶಯ: ವೆಕ್ಟರ್‌ಗಳ ಗುಣಾಕಾರ ಮಾತ್ರ ಡಾಟ್, ಕ್ರಾಸ್ ಎಂದು ಎರಡು ಥರ ಯಾಕೆ? ಯಾವುದನ್ನು ಎಲ್ಲಿ ಹಾಕಬೇಕೆಂದೇ ತಿಳಿಯುತ್ತಿಲ್ಲ.
– ಒಬ್ಬ ವಿದ್ಯಾರ್ಥಿನಿ, ಹಾವೇರಿ ಜಿಲ್ಲೆ

ಉತ್ತರ: ಸೊನ್ನೆ ಕೊಟ್ಟದ್ದು ಸರಿಯೇ. ನಿಮ್ಮ ಉತ್ತರ ಹತ್ತಿರ ಬಂದದ್ದು ಆ ವೆಕ್ಟರ್‌ಗಳ ಕೃಪೆಯಿಂದ, ನಿಮ್ಮ ವಿಧಾನದಿಂದಲ್ಲ. ಗ್ರಾಫ್ ಹಾಳೆಯ ಮೇಲೆ ಎರಡನ್ನೂ ಬರೆದು ನೋಡಿ: ಎರಡು ಬಾಣಗಳೂ ಹೆಚ್ಚುಕಡಿಮೆ ಒಂದೇ ಕಡೆಗೆ ಮುಖ ಮಾಡಿವೆ, ನಡುವಿನ ಕೋನ ಸುಮಾರು 14 ಡಿಗ್ರಿ ಅಷ್ಟೇ. ಎರಡನೆಯದರ ಬದಲು (12, −5) ಕೊಟ್ಟಿದ್ದರೆ? ಅದರ ಉದ್ದವೂ 13. ಆದರೆ ಮೊತ್ತ (15, −1), ಉದ್ದ 15ಕ್ಕಿಂತ ಕೂದಲೆಳೆ ಹೆಚ್ಚು. (−5, −12) ಕೊಟ್ಟಿದ್ದರೆ ಮೊತ್ತದ ಉದ್ದ 8.25ಕ್ಕೆ ಇಳಿಯುತ್ತಿತ್ತು. ಉದ್ದ 5 ಮತ್ತು 13 ಇರುವ ವೆಕ್ಟರ್‌ಗಳ ಮೊತ್ತ 8ರಿಂದ 18ರವರೆಗೆ ಎಷ್ಟು ಬೇಕಾದರೂ ಆಗಬಹುದು. ಆದ್ದರಿಂದ ಮೊದಲು ಎಕ್ಸ್‌ಗೆ ಎಕ್ಸ್, ವೈಗೆ ವೈ ಕೂಡಿ. ನಿಮ್ಮ ಲೆಕ್ಕದಲ್ಲಿ (8, 16) ಬರುತ್ತದೆ. ಉದ್ದ ತೆಗೆಯುವುದು ಆಮೇಲೆ: 64 + 256 = 320, ಅದರ ವರ್ಗಮೂಲ 17.9. ಕಳೆಯುವುದು ಬೇರೆ ವಿದ್ಯೆಯೇನಲ್ಲ. ಬಾಣವನ್ನು ತಿರುಗಿಸಿ ಕೂಡಿದರಾಯಿತು.

ಈ 320ರಲ್ಲೇ ನಿಮ್ಮ ಎರಡನೇ ಪ್ರಶ್ನೆಯ ಅರ್ಧ ಉತ್ತರ ಇದೆ. 5 ಮತ್ತು 13ರ ವರ್ಗಗಳಾದ 25 ಮತ್ತು 169 ಕೂಡಿದರೆ 194. ಉಳಿದ 126 ಎಲ್ಲಿಂದ ಬಂತು? 3×5 + 4×12 = 63, ಅದರ ಎರಡು ಪಟ್ಟು. ಈ 63 ಎಂಬುದೇ ಡಾಟ್ ಪ್ರಾಡಕ್ಟ್. ಒಂದು ವೆಕ್ಟರ್ ಇನ್ನೊಂದರ ದಿಕ್ಕಿಗೆ ಎಷ್ಟು ಒದಗುತ್ತದೆ ಎಂದು ಅದು ಹೇಳುತ್ತದೆ. ಮೂಟೆಗೆ ಹಗ್ಗ ಕಟ್ಟಿ ಓರೆಯಾಗಿ ಎಳೆದಾಗ, ಮೂಟೆ ಸಾಗುವ ದಿಕ್ಕಿಗೆ ಒದಗಿದ ಬಲವಷ್ಟೇ ಕೆಲಸದ ಲೆಕ್ಕಕ್ಕೆ ಸೇರುತ್ತದೆ. ಉತ್ತರ ಬರೀ ಸಂಖ್ಯೆ, ಅದಕ್ಕೆ ದಿಕ್ಕಿಲ್ಲ. ಸೊನ್ನೆ ಬಂದರೆ ಎರಡೂ ಲಂಬ.

ಬಾಗಿಲನ್ನು ನೂಕುವಾಗ ಕೇಳುವ ಪ್ರಶ್ನೆ ಬೇರೆ. ಕೀಲಿನ ಕಡೆಗೇ ನೇರವಾಗಿ ಒತ್ತಿದರೆ ಬಾಗಿಲು ಅಲುಗುವುದಿಲ್ಲ. ಅಡ್ಡಲಾಗಿ ಬಿದ್ದ ಬಲವೇ ಅದನ್ನು ತಿರುಗಿಸುವುದು. ಅಡ್ಡ ಎಷ್ಟು ಎಂದು ಅಳೆಯುವುದು ಕ್ರಾಸ್ ಪ್ರಾಡಕ್ಟ್. ನಿಮ್ಮ ವೆಕ್ಟರ್‌ಗಳಿಗೆ 3×12 − 4×5 = 16. ಅವೆರಡನ್ನು ಬಾಹುಗಳಾಗಿಟ್ಟು ಬರೆದ ಸಮಾಂತರ ಚತುರ್ಭುಜದ ವಿಸ್ತೀರ್ಣವೂ 16. ಈ ಉತ್ತರಕ್ಕೆ ದಿಕ್ಕುಂಟು: ಹಾಳೆಗೆ ಲಂಬವಾಗಿ, ನಿಮ್ಮ ಮುಖದ ಕಡೆಗೆ. ಕ್ರಮ ಅದಲುಬದಲು ಮಾಡಿದರೆ −16, ಅಂದರೆ ಹಾಳೆಯ ಹಿಂದಕ್ಕೆ.

ಈಗ ತಾಳೆ ನೋಡಿ. 63ರ ವರ್ಗ 3969, 16ರ ವರ್ಗ 256, ಕೂಡಿದರೆ 4225. ಅದು 65ರ ವರ್ಗ. 65 ಎಂದರೆ 5×13! ಉದ್ದಗಳ ಗುಣಲಬ್ಧ ಹೀಗೆ ನೇರ, ಅಡ್ಡ ಎಂದು ಹಂಚಿಹೋಗಿದೆ. ನಡುವಿನ ಕೋನದ ಕಾಸ್ ಒಂದು ಪಾಲು, ಸೈನ್ ಇನ್ನೊಂದು. ಪರೀಕ್ಷೆಯಲ್ಲಿ ಎರಡೂ ಕೇಳಿದಾಗ ಈ ತಾಳೆ ಬಹಳ ಉಪಯೋಗಕ್ಕೆ ಬರುತ್ತದೆ, ನಮ್ಮಲ್ಲಿ ಯಾಕೋ ಇದನ್ನು ಹೇಳಿಕೊಡುವುದು ಕಡಿಮೆ.

ಅಂದಹಾಗೆ ಇವೆರಡೂ ಹುಟ್ಟಿದ್ದು ಒಟ್ಟಿಗೇ. ಐರ್ಲೆಂಡಿನ ಗಣಿತಜ್ಞ ಹ್ಯಾಮಿಲ್ಟನ್ 1843ರಲ್ಲಿ ಕಂಡುಕೊಂಡ ಕ್ವಾಟರ್ನಿಯನ್ (ನಾಲ್ಕು ಭಾಗಗಳಿರುವ ಸಂಖ್ಯೆ) ಗುಣಾಕಾರದಲ್ಲಿ ಎರಡೂ ಬೆರೆತಿದ್ದವು. ಅವನ್ನು ಬಿಡಿಸಿ ಇಂದಿನ ರೂಪಕ್ಕೆ ತಂದವರು 1880ರ ದಶಕದಲ್ಲಿ ಅಮೆರಿಕದ ಗಿಬ್ಸ್ ಮತ್ತು ಇಂಗ್ಲೆಂಡಿನ ಹೆವಿಸೈಡ್.

ಮೂರು ಆಯಾಮಕ್ಕೆ ಹೋದಾಗ ಕ್ರಾಸ್ ಪ್ರಾಡಕ್ಟನ್ನು ಡಿಟರ್ಮಿನೆಂಟ್ (ಚೌಕದಲ್ಲಿ ಜೋಡಿಸಿಟ್ಟ ಸಂಖ್ಯೆಗಳ ಲೆಕ್ಕ) ಹಾಕಿ ಬಿಡಿಸುತ್ತೀರಿ. ಅಲ್ಲಿ ಮಧ್ಯದ ಜೆ ಪದದ (ವೈ ದಿಕ್ಕಿನ ಭಾಗದ) ಮುಂದೆ ಮೈನಸ್ ಬರುತ್ತದೆ. ಅಂಕ ಹೋಗುವುದು ಹೆಚ್ಚಾಗಿ ಅಲ್ಲೇ. ಉತ್ತರ ಬಂದ ಮೇಲೆ ಅದನ್ನು ಮೂಲ ವೆಕ್ಟರ್‌ಗಳೆರಡರ ಜೊತೆಗೂ ಡಾಟ್ ಮಾಡಿ. ಎರಡೂ ಸಲ ಸೊನ್ನೆ ಬರದಿದ್ದರೆ ಆ ಮೈನಸ್ಸನ್ನೇ ಮೊದಲು ಹುಡುಕಿ.