ಶಾಂತಿ ಸಿಗುವವರೆಗೂ ಮಗಳು ಕಾಯಬೇಕೇ?

ಓದುಗರ ಪತ್ರ: ದಿನಾ ಬೆಳಿಗ್ಗೆ ಧ್ಯಾನಕ್ಕೆ ಕೂರುತ್ತೇನೆ. ಕೂತಷ್ಟು ಹೊತ್ತು ಮನಸ್ಸು ತಿಳಿಯಾಗಿರುತ್ತದೆ. ಎದ್ದು ಕೆಲಸಕ್ಕೆ ಹೊರಡುವಷ್ಟರಲ್ಲಿ ಮಗಳ ಮೇಲೆ ರೇಗಿರುತ್ತೇನೆ. ಆಫೀಸಿನಲ್ಲಿ ಒಬ್ಬ ಸಹೋದ್ಯೋಗಿಯ ಮುಖ ಕಂಡರೇ ಆಗುವುದಿಲ್ಲ. ಒಳಗೆ ಶಾಂತಿ ನೆಲೆಸಿದರೆ ಪ್ರೀತಿ, ದಯೆ ತಾವಾಗಿಯೇ ಬರುತ್ತವೆ ಎನ್ನುತ್ತಾರೆ. ನನಗೆ ಇನ್ನೂ ಎಷ್ಟು ಕಾಲ ಬೇಕು?

ಸಂಪಾದಕರ ಉತ್ತರ: ಮಗಳ ಮೇಲೆ ರೇಗಿದ್ದನ್ನು ಮುಚ್ಚಿಡದೆ ಬರೆದಿದ್ದೀರಿ, ಅದು ನನಗೆ ತುಂಬಾ ಹಿಡಿಸಿತು. ಧ್ಯಾನದ ಬಗ್ಗೆ ಬರುವ ಪತ್ರಗಳಲ್ಲಿ ಸಾಮಾನ್ಯವಾಗಿ ಮನೆಯವರ ಸುದ್ದಿಯೇ ಇರುವುದಿಲ್ಲ. ಆದರೆ ನಿಮ್ಮ ಕೊನೆಯ ಪ್ರಶ್ನೆ ನನಗೆ ಒಪ್ಪಿಗೆಯಿಲ್ಲ. ನಿಮಗೆ ಶಾಂತಿ ಸಿಗುವವರೆಗೂ ಮಗಳು ಬೈಸಿಕೊಳ್ಳುತ್ತಿರಬೇಕು ಎಂಬ ಮಾತೂ ಅದರೊಳಗೆ ಸೇರಿದೆ, ಅಲ್ವಾ?

ಸುಮ್ಮನೆ ಕೂರುವುದರಿಂದ ಲಾಭವಿದೆ, ಇಲ್ಲ ಎನ್ನುವುದಿಲ್ಲ. ಬ್ರಾಡ್ ಬುಶ್ಮನ್ ಎಂಬ ಮನಶ್ಶಾಸ್ತ್ರಜ್ಞರು 2002ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಸಿಟ್ಟು ಬರಿಸಿದವನನ್ನು ನೆನೆಯುತ್ತಾ ಗುದ್ದುಚೀಲಕ್ಕೆ ಗುದ್ದಿದವರ ಸಿಟ್ಟು ಇಳಿಯಲಿಲ್ಲ. ಏನೂ ಮಾಡದೆ ಸುಮ್ಮನೆ ಕೂತವರಿಗಿಂತ ಅವರಿಗೇ ಸಿಟ್ಟು ಜಾಸ್ತಿ ಉಳಿಯಿತು. ಹಾಗಾಗಿ ಬೆಳಗಿನ ಧ್ಯಾನ ಬಿಡಬೇಡಿ.

ಆದರೆ ಶಾಂತಿ ಮೊದಲು, ಪ್ರೀತಿ ಆಮೇಲೆ ಎಂಬ ಲೆಕ್ಕ ತಲೆಕೆಳಗು. 1973ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗ ಕೇಳಿ. ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಎಂಬ ಮನಶ್ಶಾಸ್ತ್ರಜ್ಞರು ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಪಾದ್ರಿಗಳಾಗಲು ಓದುತ್ತಿದ್ದವರನ್ನು ಆರಿಸಿಕೊಂಡರು. ಪಕ್ಕದ ಕಟ್ಟಡಕ್ಕೆ ಹೋಗಿ ಮಾತಾಡಬೇಕು ಎಂದು ಅವರಿಗೆ ಹೇಳಿದರು. ಕೆಲವರಿಗೆ ಕೊಟ್ಟ ವಿಷಯ, ಬೈಬಲಿನಲ್ಲಿ ಬರುವ, ದಾರಿಯಲ್ಲಿ ಬಿದ್ದವನನ್ನು ಎತ್ತಿ ಉಪಚರಿಸಿದ ಸಮಾರ್ಯದವನ ಕಥೆ. ಹೋಗುವ ದಾರಿಯಲ್ಲೇ ಒಬ್ಬ ಬಾಗಿಲ ಬಳಿ ಕುಸಿದು ಕೂತು ನರಳುತ್ತಿದ್ದ. ಅವನನ್ನು ಬೇಕೆಂದೇ ಕೂರಿಸಿದ್ದರು.

ನಿಂತು ವಿಚಾರಿಸಿದವರು ಯಾರು? ಸಮಯವಿದೆ, ನಿಧಾನಕ್ಕೆ ಹೋಗಿ ಎನ್ನಿಸಿಕೊಂಡವರಲ್ಲಿ 63 ಶೇಕಡಾ. ತಡವಾಗಿದೆ, ಓಡಿ ಎನ್ನಿಸಿಕೊಂಡವರಲ್ಲಿ ಬರೀ 10 ಶೇಕಡಾ. ದಯೆಯ ಕಥೆ ತಲೆಯಲ್ಲಿತ್ತೋ ಇಲ್ಲವೋ ಎಂಬುದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ. ಅವರೆಲ್ಲ ದೇವರ ಸೇವೆಗೆ ಹೊರಟವರು. ಅಂಥವರನ್ನೂ ಅವಸರ ಕುರುಡು ಮಾಡಿತು.

ಈಗ ನಿಮ್ಮ ಪತ್ರವನ್ನು ಮತ್ತೆ ಓದಿ. ನೀವು ರೇಗುವುದು ಯಾವಾಗ? ಹೊರಡುವ ಹೊತ್ತಿನಲ್ಲಿ. ನಿಮ್ಮ ಪ್ರೀತಿಗೆ ಏನೂ ಆಗಿಲ್ಲ, ಅದಕ್ಕೆ ನೀವು ಸಮಯ ಇಟ್ಟಿಲ್ಲ ಅಷ್ಟೇ. ಕೊಂಚ ಗದರಿಸುತ್ತೇನೆ, ಬೇಸರ ಮಾಡಿಕೊಳ್ಳಬೇಡಿ: ಕಣ್ಣು ಮುಚ್ಚಿ ಕೂರಲು ಸಿಗುವ ಹೊತ್ತಿನಲ್ಲಿ ಸ್ವಲ್ಪ ಮಗಳಿಗೂ ಯಾಕೆ ಸಿಗುವುದಿಲ್ಲ? ಅವಳು ಚಪ್ಪಲಿ ಹುಡುಕುವಾಗ ಪಕ್ಕದಲ್ಲಿ ಕೂತು ಹುಡುಕಿ. ಅದೂ ಧ್ಯಾನವೇ.

ನಮ್ಮ ಪತ್ರಿಕೆಯಲ್ಲಿ ಹಿಂದೆ ಕರಡು ತಿದ್ದುವವರೊಬ್ಬರಿದ್ದರು. ಅಚ್ಚಿಗೆ ಹೋಗುವ ದಿನ ನಾವೆಲ್ಲ ಒಬ್ಬರ ಮೇಲೊಬ್ಬರು ಕೂಗಾಡುತ್ತಿದ್ದೆವು. ಅವರ ಹತ್ತಿರ ಯಾರೇ ಹೋಗಲಿ, ಪೆನ್ನು ಕೆಳಗಿಟ್ಟು, ತಲೆಯೆತ್ತಿ, ಪೂರ್ತಿ ಕೇಳಿ ಆಮೇಲೆ ಮಾತಾಡುತ್ತಿದ್ದರು. ಅವರ ಪುಟ ಒಂದು ದಿನವೂ ತಡವಾಗಲಿಲ್ಲ. ಹೊಸ ಹುಡುಗರು ತಪ್ಪು ಮಾಡಿದರೆ ಮೊದಲು ಹೋಗಿ ಹೇಳುತ್ತಿದ್ದದ್ದು ಅವರಿಗೇ. ಧ್ಯಾನ ಮಾಡುತ್ತೀರಾ ಎಂದು ಒಮ್ಮೆ ಕೇಳಿದೆ. ‘ಅದೆಲ್ಲ ನಂಗೊತ್ತಿಲ್ಲ, ಎದುರಿಗಿರೋರ ಮಾತು ಮುಗೀಲಿ ಅಂತ ಕಾಯ್ತೀನಿ’ ಎಂದರು. ಶಾಂತಿಯ ಬಗ್ಗೆ ನಾನು ಓದಿದ್ದು ಬಹಳ. ಇದಕ್ಕಿಂತ ಉಪಯೋಗದ ಮಾತು ಸಿಕ್ಕಿಲ್ಲ.

ಇನ್ನೊಂದು ಸಂಕಟ ಹೇಳಿಬಿಡುತ್ತೇನೆ. ಇವತ್ತು ಅವಸರವನ್ನು ನಾವು ಮಾತ್ರ ತಂದುಕೊಳ್ಳುತ್ತಿಲ್ಲ. ಕಾಲ್ ಸೆಂಟರ್‌ನಲ್ಲಿ ಕರೆ ಸ್ವೀಕರಿಸುವವರು ಒಬ್ಬ ಗ್ರಾಹಕನ ಜೊತೆ ಎಷ್ಟು ಸೆಕೆಂಡು ಮಾತಾಡಿದರು ಎಂದು ಅಳೆಯುತ್ತಾರೆ. ಕೈತುಂಬ ರೋಗಿಗಳಿರುವ ನರ್ಸ್‌ಗೆ ಒಬ್ಬರ ಕೈ ಹಿಡಿದು ನಿಲ್ಲಲು ಬಿಡುವಿಲ್ಲ. ಅಂಥವರಿಗೆ ಮೇಲಿನವರು ಕೊಡುವುದೇನು? ಒತ್ತಡ ನಿಭಾಯಿಸುವ ಶಿಬಿರ, ಉಸಿರಾಟದ ಆ್ಯಪ್. ಇಬ್ಬರು ಮಾಡುವ ಕೆಲಸವನ್ನು ಒಬ್ಬರ ತಲೆಗೆ ಕಟ್ಟಿ, ಆಮೇಲೆ ಶಾಂತವಾಗಿರಿ ಎಂದು ಪಾಠ ಹೇಳುವುದು ಅನ್ಯಾಯ. ಇನ್ನೊಬ್ಬರನ್ನು ಕೆಲಸಕ್ಕೆ ತೆಗೆದುಕೊಂಡರೆ ಅದೇ ದೊಡ್ಡ ದಯೆ. ನಿಮ್ಮ ಕೈಕೆಳಗೆ ಯಾರಾದರೂ ಇದ್ದರೆ, ‘ಅರ್ಜೆಂಟ್’ ಎಂದು ಬರೆಯುವ ಮುಂಚೆ ಒಮ್ಮೆ ಯೋಚಿಸಿ. ನಿಮ್ಮ ಆ ಒಂದು ಪದಕ್ಕೆ ಅವರ ಮನೆಯ ಮಗುವೂ ಬೈಸಿಕೊಳ್ಳುತ್ತದೆ.

ಕಡೆಗೆ ನಿಮ್ಮ ಸಹೋದ್ಯೋಗಿ. ಬೌದ್ಧರ ಮೈತ್ರಿ ಧ್ಯಾನದಲ್ಲಿ ಒಂದು ಕ್ರಮವಿದೆ. ಮೊದಲು ತನಗೆ ಒಳ್ಳೆಯದಾಗಲಿ ಎಂದುಕೊಳ್ಳಬೇಕು. ಆಮೇಲೆ ಹತ್ತಿರದವರಿಗೆ, ನಂತರ ಇಷ್ಟವೂ ಇಲ್ಲದ ದ್ವೇಷವೂ ಇಲ್ಲದ ಒಬ್ಬರಿಗೆ. ಆಗದವರ ಸರದಿ ಅದಾದ ಮೇಲೆ. ಇದನ್ನು ಮಾಡಿಟ್ಟವರು ಮನುಷ್ಯನನ್ನು ಬಲ್ಲವರು. ಆದ್ದರಿಂದ ಆ ಸಹೋದ್ಯೋಗಿಯನ್ನು ನಾಳೆಯೇ ಪ್ರೀತಿಸಲು ಹೋಗಬೇಡಿ, ಸೋಲುತ್ತೀರಿ. ಅವರ ಮಾತನ್ನು ಅರ್ಧಕ್ಕೆ ತುಂಡರಿಸದಿದ್ದರೆ ಸದ್ಯಕ್ಕೆ ಸಾಕು. ದಿನಾ ನೋಡಿಯೂ ಹೆಸರು ಕೇಳದೆ ಬಿಟ್ಟ ಯಾರಾದರೂ ನಿಮ್ಮ ಆಫೀಸಿನಲ್ಲಿ ಇದ್ದೇ ಇರುತ್ತಾರೆ. ಮೊದಲು ಅವರ ಹೆಸರು ಕೇಳಿ.